ಮುಂಬೈಯ ವಿ.ಟಿ. ನಿಲ್ದಾಣ: ಇತಿಹಾಸ, ಕಟ್ಟಡ, ನೋಡುವ ಬಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ಬೋರಿ ಬಂದರ್, ವಿ.ಟಿ., ಸಿ.ಎಸ್.ಟಿ., ಸಿ.ಎಸ್.ಎಂ.ಟಿ. – ಇವೆಲ್ಲ ಒಂದೇ ನಿಲ್ದಾಣವೇ?

ಜಾಗ ಒಂದೇ, ಹೆಸರು ನಾಲ್ಕು. 1853ರಲ್ಲಿ ಇಲ್ಲಿದ್ದ ನಿಲ್ದಾಣದ ಹೆಸರು ಬೋರಿ ಬಂದರ್. ಬೋರಿ ಎಂದರೆ ಗೋಣಿಚೀಲ. ಹಡಗಿನ ಸರಕು ಮೂಟೆಗಳನ್ನು ಇಳಿಸಿ ಪೇರಿಸಿಡುತ್ತಿದ್ದ ಬಂದರು ಇದು ಎನ್ನುವುದು ಹೆಸರಿನ ಬಗ್ಗೆ ಸಾಮಾನ್ಯವಾಗಿ ಕೊಡುವ ವಿವರಣೆ. 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ವರ್ಷ ತುಂಬಿದಾಗ ಹೊಸ ಕಟ್ಟಡಕ್ಕೆ ವಿಕ್ಟೋರಿಯಾ ಟರ್ಮಿನಸ್ ಎಂದು ಹೆಸರಿಟ್ಟರು. 1996ರಲ್ಲಿ ಅದು ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು. 2017ರಲ್ಲಿ ‘ಮಹಾರಾಜ್’ ಸೇರಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಆಯಿತು. ಟಿಕೆಟ್ ಕಾಯ್ದಿರಿಸುವಾಗ ಈಗ ಹಾಕಬೇಕಾದ ನಿಲ್ದಾಣದ ಕೋಡ್ ಸಿಎಸ್ಎಂಟಿ. ಟ್ಯಾಕ್ಸಿಯವರೊಂದಿಗೆ, ಮುಂಬೈಯ ಹಳೆಯ ಕನ್ನಡಿಗರ ಮನೆಗಳಲ್ಲಿ, ಇಂದಿಗೂ ‘ವೀಟಿ’ ಎಂದರೆ ಸಾಕು. ಮುಂಬೈ ಸೆಂಟ್ರಲ್ ಎಂಬುದು ಬೇರೆಯೇ ನಿಲ್ದಾಣ, ಅದು ಪಶ್ಚಿಮ ರೈಲ್ವೆಯದು. ವೀಟಿ ಸೆಂಟ್ರಲ್ ರೈಲ್ವೆಯದು; ‘ಸೆಂಟ್ರಲ್ ರೈಲ್ವೆ’ ಎಂಬ ಹೆಸರು ನೋಡಿ ಮುಂಬೈ ಸೆಂಟ್ರಲ್ಲಿಗೆ ಹೋಗಿ ರೈಲು ತಪ್ಪಿಸಿಕೊಳ್ಳುವವರು ಇದ್ದಾರೆ. ಟಿಕೆಟ್ಟಿನಲ್ಲಿ ಅಚ್ಚಾಗಿರುವ ಕೋಡನ್ನೇ ನಂಬಿ.

ಭಾರತದ ಮೊದಲ ಪ್ರಯಾಣಿಕರ ರೈಲು ಈ ಕಟ್ಟಡದಿಂದಲೇ ಹೊರಟಿತೇ?

ಇಲ್ಲ. 1853ರ ಏಪ್ರಿಲ್ 16ರಂದು ಮಧ್ಯಾಹ್ನ ಮೂರೂವರೆಯ ಹೊತ್ತಿಗೆ 14 ಬೋಗಿಗಳ ರೈಲು ಸುಮಾರು 400 ಅತಿಥಿಗಳನ್ನು ಹೊತ್ತು ಠಾಣೆಗೆ ಹೊರಟಾಗ ಇಲ್ಲಿದ್ದದ್ದು ಬೋರಿ ಬಂದರಿನ ಹಳೆಯ ಸಾದಾ ನಿಲ್ದಾಣ. ದೂರ 34 ಕಿ.ಮೀ. ರೈಲನ್ನು ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಉಗಿ ಎಂಜಿನ್‌ಗಳು. ಈಗ ನಾವು ನೋಡುವ ಕಟ್ಟಡದ ಕೆಲಸ ಶುರುವಾದದ್ದು ಅದಾಗಿ 25 ವರ್ಷಗಳ ಮೇಲೆ. ಚಿತ್ರಗಳಲ್ಲಿ ಈ ಎರಡನ್ನೂ ಬೆರೆಸಿ ಹಾಕುವುದು ತೀರ ಸಾಮಾನ್ಯ, ಹಾಗಾಗಿ ಈ ತಪ್ಪು ಹೋಗುತ್ತಲೇ ಇಲ್ಲ.

ಕಟ್ಟಿದವರು ಯಾರು? ಎಷ್ಟು ವರ್ಷ ಹಿಡಿಯಿತು, ಎಷ್ಟು ಖರ್ಚಾಯಿತು?

ಕಟ್ಟಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಅಂದರೆ ಜಿ.ಐ.ಪಿ. ಕಂಪನಿ. ನಕ್ಷೆ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಅವರದು. 1847ರಲ್ಲಿ ಇಂಗ್ಲೆಂಡಿನ ಬಾತ್ ಊರಿನಲ್ಲಿ ಹುಟ್ಟಿದ ಇವರು ಮುಂಬೈಯ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದರು. 1878ರಲ್ಲಿ ಕೆಲಸ ಶುರುವಾಗಿ 1888ರಲ್ಲಿ ಮುಗಿಯಿತು. ಖರ್ಚು 16 ಲಕ್ಷ ರೂಪಾಯಿಗೆ ತುಸು ಹೆಚ್ಚು. ನಕ್ಷೆಯ ವರ್ಣಚಿತ್ರವನ್ನು ಬರೆದುಕೊಟ್ಟವರು ಆಕ್ಸೆಲ್ ಹೇಗ್ ಎಂಬ ಚಿತ್ರಕಾರ.

ಸ್ಟೀವನ್ಸ್ ಒಬ್ಬರ ಹೆಸರನ್ನೇ ಹೇಳಿ ನಿಲ್ಲಿಸುವುದು ನ್ಯಾಯವಲ್ಲ. ಸಹಾಯಕ ಎಂಜಿನಿಯರ್ ಆಗಿ ದಿನನಿತ್ಯದ ಕೆಲಸ ನಡೆಸಿದವರು ಸೀತಾರಾಮ ಖಂಡೇರಾವ್. ಸ್ಟೀವನ್ಸ್ ಎಳೆದ ಗೆರೆಯನ್ನು ಕಲ್ಲಿನಲ್ಲಿ ಕೂರಿಸಿದ್ದು ಇಲ್ಲಿಯ ಎಂಜಿನಿಯರುಗಳು, ಕಲ್ಲುಕುಟಿಗರು ಮತ್ತು ಕಲಾ ಶಾಲೆಯ ಹುಡುಗರು. ಎದುರಿಗೆ ಕಾಣುವ ಮಹಾನಗರ ಪಾಲಿಕೆಯ ಕಟ್ಟಡವೂ (1893), ಚರ್ಚ್‌ಗೇಟ್ ಎದುರಿನ ಪಶ್ಚಿಮ ರೈಲ್ವೆಯ ಕೇಂದ್ರ ಕಚೇರಿಯೂ (1899) ಸ್ಟೀವನ್ಸ್ ಅವರದೇ ನಕ್ಷೆ. 1900ರಲ್ಲಿ ಅವರು ಮುಂಬೈಯಲ್ಲೇ ತೀರಿಕೊಂಡರು.

ಇದು ನಿಲ್ದಾಣವೋ, ಅರಮನೆಯೋ, ಚರ್ಚೋ? ಹೀಗೇಕೆ ಕಾಣುತ್ತದೆ?

ರಸ್ತೆಯಿಂದ ಕಾಣುವ ಗುಮ್ಮಟದ ಕಟ್ಟಡ ಮೂಲತಃ ರೈಲ್ವೆಯ ಆಡಳಿತ ಕಚೇರಿ. ರೈಲು ಬಂದು ನಿಲ್ಲುವುದು ಅದರ ಪಕ್ಕದ ಚಾವಣಿಯ ಕೆಳಗೆ. ಈ ಎರಡನ್ನು ಬೇರೆ ಮಾಡಿ ನೋಡಿದರೆ ಕಟ್ಟಡ ಕೂಡಲೇ ಅರ್ಥವಾಗುತ್ತದೆ.

ಕಚೇರಿಯ ತಳಪಾಯದ ನಕ್ಷೆ ಒಂದು ಕಡೆ ತೆರೆದಿರುವ ಚೌಕದಂತೆ, ಇಂಗ್ಲಿಷಿನ ‘ಸಿ’ ಅಕ್ಷರದ ಹಾಗೆ ಇದೆ. ನಡುವಿನ ಅಂಗಳದಲ್ಲಿ ತೋಟ. ಎರಡು ರೆಕ್ಕೆಗಳು ಪೂರ್ವ–ಪಶ್ಚಿಮ ಅಕ್ಷದ ಆಚೀಚೆ ಒಂದಕ್ಕೊಂದು ಸರಿಹೊಂದುತ್ತವೆ, ಅವು ಕೂಡುವ ನಡುಜಾಗದ ಮೇಲೆ ಗುಮ್ಮಟ. ಪಕ್ಕದ ರೈಲು ಚಾವಣಿ 1,200 ಅಡಿ, ಅಂದರೆ 366 ಮೀಟರ್ ಉದ್ದ.

ಶೈಲಿಯನ್ನು ವಿಕ್ಟೋರಿಯನ್ ಗಾಥಿಕ್ ಎನ್ನುತ್ತಾರೆ. ಮಧ್ಯಯುಗದ ಇಟಲಿಯ ಚೂಪು ಕಮಾನು, ಬಣ್ಣಬಣ್ಣದ ಕಲ್ಲಿನ ಪಟ್ಟಿ, ಮೊನಚು ಗೋಪುರಗಳನ್ನು 19ನೇ ಶತಮಾನದ ಇಂಗ್ಲೆಂಡ್ ಮತ್ತೆ ಎತ್ತಿಕೊಂಡಿತ್ತು. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದ ನೆರಳು ಇಲ್ಲಿ ಇದೆ, ನಿಜ. ಆದರೆ ಅದನ್ನೇ ತಂದು ಇಲ್ಲಿ ನಿಲ್ಲಿಸಿದ್ದಾರೆ ಎನ್ನುವುದು ಕಣ್ಣು ಹಾಯಿಸದೆ ಆಡುವ ಮಾತು. ಮುಂಬೈಯ ಬಿಸಿಲು ಮತ್ತು ಮಳೆ ಈ ಕಟ್ಟಡವನ್ನು ಬೇರೆಯಾಗಿಸಿವೆ. ಕೋಣೆಗಳ ಹೊರಗೆ ಸಾಲು ಕಮಾನುಗಳ ಜಗಲಿ ಇದೆ. ಬಿಸಿಲು ಗೋಡೆಯನ್ನು ನೇರವಾಗಿ ಮುಟ್ಟುವುದಿಲ್ಲ, ಸಮುದ್ರದ ಗಾಳಿಗೆ ಕಿಟಕಿ ತೆರೆದಿಟ್ಟರೂ ಇರಚಲು ಒಳಗೆ ಬರುವುದಿಲ್ಲ. ಮೂಲೆಯ ಸಣ್ಣ ಗೋಪುರಗಳು, ಗುಮ್ಮಟ ಮತ್ತು ಅಂಗಳದ ಜೋಡಣೆಯಲ್ಲಿ ಭಾರತದ ಅರಮನೆಗಳ ಛಾಯೆ ಇದೆ. ಯುನೆಸ್ಕೊ ಈ ಕಟ್ಟಡವನ್ನು ವಿಶ್ವ ಪರಂಪರೆಯ ಪಟ್ಟಿಗೆ ಆರಿಸಿಕೊಳ್ಳುವಾಗ ಎತ್ತಿ ಹೇಳಿದ್ದೂ ಈ ಎರಡು ಪರಂಪರೆಗಳ ಕೂಡಿಕೆಯನ್ನೇ.

ಗುಮ್ಮಟದಲ್ಲಿ ಅಂಥ ವಿಶೇಷ ಏನಿದೆ?

ಸಾಮಾನ್ಯವಾಗಿ ಕಲ್ಲಿನ ಗುಮ್ಮಟ ಕಟ್ಟುವಾಗ ಮೊದಲು ಮರದ ಸೆಂಟ್ರಿಂಗ್ ನಿಲ್ಲಿಸುತ್ತಾರೆ. ಅದರ ಮೇಲೆ ಕಲ್ಲು ಕೂರಿಸಿ, ನೆತ್ತಿಯ ಕಲ್ಲು ಬಿದ್ದ ಮೇಲೆ, ಗಾರೆ ಗಟ್ಟಿಯಾದ ನಂತರ ಮರವನ್ನು ಬಿಚ್ಚುತ್ತಾರೆ. ಅಲ್ಲಿಯವರೆಗೆ ಗುಮ್ಮಟ ತನ್ನ ಕಾಲ ಮೇಲೆ ನಿಂತಿರುವುದಿಲ್ಲ.

ಇಲ್ಲಿ ಸೆಂಟ್ರಿಂಗ್ ಬಳಸಲಿಲ್ಲ. ಗುಮ್ಮಟ ಎಂಟು ಮೂಲೆಯದು. ಪಕ್ಕೆಲುಬಿನಂಥ ಕಲ್ಲಿನ ಏಣುಗಳು ಕೆಳಗಿನಿಂದ ನೆತ್ತಿಗೆ ಏರುತ್ತವೆ. ಈ ಏಣುಗಳ ಕಲ್ಲುಗಳನ್ನು ಡವ್‌ಟೇಲ್ ಮಾದರಿಯಲ್ಲಿ, ಅಂದರೆ ಬಡಗಿ ಪೆಟ್ಟಿಗೆಯ ಮೂಲೆಗೆ ಹಾಕುವ, ತುದಿ ಅಗಲವಾದ ಹಲ್ಲಿನ ಕೀಲಿನ ಹಾಗೆ, ಒಂದರೊಳಗೊಂದು ಕಚ್ಚಿಸಿದ್ದಾರೆ. ಅಂಥ ಹಲ್ಲು ಎಳೆದರೆ ಕಳಚಿ ಬರುವುದಿಲ್ಲ. ಜೊತೆಗೆ, ಗುಮ್ಮಟದ ಒಂದೊಂದು ಸುತ್ತು ಪೂರ್ತಿಯಾದಾಗಲೂ ಅದು ಬಳೆಯ ಹಾಗೆ ಬಿಗಿದುಕೊಂಡು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಅಪಾಯ ಇರುವುದು ಸುತ್ತು ಅರ್ಧ ಆದಾಗ, ಒಳಕ್ಕೆ ವಾಲಿದ ಕಲ್ಲು ಜಾರುವ ಹೊತ್ತಿನಲ್ಲಿ. ಅಂಥ ಹೊತ್ತಿನಲ್ಲಿ ಕಲ್ಲನ್ನು ಜಾರದಂತೆ ಹಿಡಿಯಬಲ್ಲದ್ದು ಕಚ್ಚಿಸಿದ ಕೀಲು. ಆ ಕಾಲಕ್ಕೆ ಇದನ್ನು ಹೊಸ ಸಾಧನೆ ಎಂದೇ ಎಣಿಸಿದರು.

ವಿಜಯಪುರದ ಗೋಲಗುಮ್ಮಟ ನೋಡಿದವರಿಗೆ ಹೋಲಿಕೆ ಸುಲಭ. ಅಲ್ಲಿ ಚೌಕದ ಕೋಣೆಯ ಮೇಲೆ ಒಂದನ್ನೊಂದು ಹಾಯುವ ಕಮಾನುಗಳು ದುಂಡು ಗುಮ್ಮಟವನ್ನು ಹೊರುತ್ತವೆ, ಒಳಮೈ ನಯ. ಇಲ್ಲಿ ಭಾರ ಹೊರುವ ಏಣುಗಳು ಕಣ್ಣಿಗೆ ಎದ್ದು ಕಾಣುತ್ತವೆ. ಗುಮ್ಮಟದ ಕೆಳಗೆ ದೊಡ್ಡ ಕಲ್ಲಿನ ಮೆಟ್ಟಿಲಿದೆ. ಮೆಟ್ಟಿಲಿನ ಒಂದು ತುದಿ ಮಾತ್ರ ಗೋಡೆಯಲ್ಲಿ ಹೂತಿದೆ, ಇನ್ನೊಂದು ತುದಿಗೆ ಕಂಬವಿಲ್ಲ. ಸುತ್ತಿನ ಬಣ್ಣದ ಗಾಜಿನ ಕಿಟಕಿಗಳಲ್ಲಿ ಜಿ.ಐ.ಪಿ. ಕಂಪನಿಯ ಲಾಂಛನವಿದೆ.

ಗುಮ್ಮಟದ ತುದಿಯಲ್ಲಿರುವುದು ವಿಕ್ಟೋರಿಯಾ ರಾಣಿಯ ಪ್ರತಿಮೆಯೇ?

ಅಲ್ಲ. ಅದು ‘ಪ್ರಗತಿ’ ಎಂಬ ಕಲ್ಪನೆಯ ಸ್ತ್ರೀ ಮೂರ್ತಿ: ಬಲಗೈಯಲ್ಲಿ ಮೇಲಕ್ಕೆತ್ತಿದ ಪಂಜು, ಎಡಗೈಯಲ್ಲಿ ಕಡ್ಡಿಗಳಿರುವ ಚಕ್ರ. ಮಾಡಿದವರು ಥಾಮಸ್ ಅರ್ಪ್. ಮುಂಭಾಗದ ಗೇಬಲ್‌ಗಳ, ಅಂದರೆ ಇಳಿಜಾರು ಚಾವಣಿಯ ತುದಿಯ ಮುಕ್ಕೋನ ಗೋಡೆಗಳ, ಮೇಲಿರುವ ವ್ಯವಸಾಯ, ಎಂಜಿನಿಯರಿಂಗ್, ವಾಣಿಜ್ಯದ ಮೂರ್ತಿಗಳೂ, ಪ್ರವೇಶದ ಕಂಬಗಳ ಮೇಲೆ ಕೂತ ಸಿಂಹ ಮತ್ತು ಹುಲಿಯೂ ಅವರವೇ. ಸಿಂಹ ಬ್ರಿಟನ್ನಿಗೆ, ಹುಲಿ ಭಾರತಕ್ಕೆ.

ರಾಣಿಯ ಪ್ರತಿಮೆ ಬೇರೆಯೇ ಇತ್ತು, ಮುಂಭಾಗದಲ್ಲಿ ಗಡಿಯಾರದ ಕೆಳಗಿನ ಗೂಡಿನಲ್ಲಿ. ಸ್ವಾತಂತ್ರ್ಯದ ನಂತರ, 1950ರ ದಶಕದಲ್ಲಿ ಅದನ್ನು ತೆಗೆದರು. ಗೂಡು ಇಂದಿಗೂ ಖಾಲಿ. ಮುಂಭಾಗದ ಗೋಡೆಯಲ್ಲಿ ದುಂಡು ಚೌಕಟ್ಟಿನೊಳಗೆ ಉಬ್ಬುಕೆತ್ತನೆಯ ಮುಖಗಳಿವೆ, ಅವು ಜಿ.ಐ.ಪಿ. ನಿರ್ದೇಶಕರದು. ಜಮ್ಶೇಟ್‌ಜಿ ಜೀಜೀಭಾಯ್ ಮತ್ತು ಜಗನ್ನಾಥ ಶಂಕರಶೇಟ್ ಅವರ ಮುಖಗಳನ್ನು ಹುಡುಕಿ ನೋಡಿ. ಮುಂಬೈಗೆ ರೈಲು ಬರಬೇಕೆಂದು ದುಡಿದ ಭಾರತೀಯರು ಇವರು.

ಗೋಡೆಯ ಮೇಲಿನ ಪ್ರಾಣಿಗಳು ಬರೀ ಅಲಂಕಾರಕ್ಕೇ?

ಕೆಲವು ಅಲಂಕಾರಕ್ಕೆ, ಕೆಲವು ಕೆಲಸಕ್ಕೆ. ಗೋಡೆಯಿಂದ ಹೊರಕ್ಕೆ ಚಾಚಿ ಬಾಯಿ ತೆರೆದಿರುವ ಪ್ರಾಣಿಗಳು ಮಳೆನೀರಿನ ದೋಣಿಗಳು. ಚಾವಣಿಯ ನೀರು ಗೋಡೆಗುಂಟ ಇಳಿದರೆ ಸಂದುಗಳ ಗಾರೆ ತೊಳೆದುಹೋಗುತ್ತದೆ. ಅದಕ್ಕೇ ಗೋಡೆಯಿಂದ ದೂರಕ್ಕೆ ಉಗುಳಿಸುತ್ತಾರೆ. ನಮ್ಮ ದೇವಸ್ಥಾನಗಳಲ್ಲಿ ಅಭಿಷೇಕದ ನೀರು ಹೊರಬರುವ ಮಕರದ ಬಾಯಿಯದೂ ಇದೇ ಉಪಾಯ. ಜುಲೈ ತಿಂಗಳಲ್ಲಿ ನಿಂತು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ.

ನವಿಲು, ಕೋತಿ, ಹಾವು, ಎಲೆಬಳ್ಳಿ ಮುಂತಾದ ಕೆತ್ತನೆ, ಕಬ್ಬಿಣ ಮತ್ತು ಹಿತ್ತಾಳೆಯ ಜಾಲರಿ, ಮೆಟ್ಟಿಲಿನ ಕಟಕಟೆ ಬಾಂಬೆ ಸ್ಕೂಲ್ ಆಫ್ ಆರ್ಟ್‌ನ ವಿದ್ಯಾರ್ಥಿಗಳ ಕೈಕೆಲಸ. ಇಂದು ಅದು ಸರ್ ಜೆ.ಜೆ. ಕಲಾ ಶಾಲೆ, ನಿಲ್ದಾಣದಿಂದ ನಡೆದೇ ಹೋಗಬಹುದು. ಮೇಲ್ವಿಚಾರಣೆ ಜಾನ್ ಗ್ರಿಫಿತ್ಸ್ ಅವರದು. ಈ ಕೆತ್ತನೆಗಳನ್ನು ಲಾಕ್‌ವುಡ್ ಕಿಪ್ಲಿಂಗ್ ಮಾಡಿಸಿದರು ಎಂದು ಹಲವೆಡೆ ಬರೆಯುತ್ತಾರೆ. ಕಿಪ್ಲಿಂಗ್ ಆ ಶಾಲೆಯಲ್ಲಿ ಕಲಿಸಿದ್ದು ಹೌದು, ಆದರೆ 1875ರಲ್ಲೇ ಲಾಹೋರಿಗೆ ಹೋಗಿಬಿಟ್ಟಿದ್ದರು. ಕಟ್ಟಡ ಶುರುವಾದದ್ದು 1878ರಲ್ಲಿ.

ಸ್ಟಾರ್ ಚೇಂಬರ್ ಎಂದರೆ ಏನು? ಒಳಗೆ ಹೋಗಬಹುದೇ?

ಲೋಕಲ್ ರೈಲಿನ ಟಿಕೆಟ್ ಕೊಡುವ ಹಾಲ್ ಅದು. ಕಮಾನು ಚಾವಣಿಯ ನೀಲಿಯ ಮೇಲೆ ಚಿನ್ನದ ಬಣ್ಣದ ನಕ್ಷತ್ರಗಳನ್ನು ಬರೆದಿದ್ದರಿಂದ ಆ ಹೆಸರು. ಕಂಬಗಳು ಇಟಲಿಯ ಅಮೃತಶಿಲೆ ಮತ್ತು ನಯಗೊಳಿಸಿದ ಭಾರತದ ನೀಲಿಕಲ್ಲಿನವು. ಟಿಕೆಟ್ ಕೊಳ್ಳುವ ಯಾರು ಬೇಕಾದರೂ ಹೋಗಬಹುದು, ದುಡ್ಡು ಕೊಡಬೇಕಿಲ್ಲ. ಸಾಲಿನಲ್ಲಿ ನಿಂತಾಗ ಒಮ್ಮೆ ತಲೆ ಎತ್ತಿ. ಕಂಬದ ತಲೆಯ ಕೆತ್ತನೆ ಒಂದರಂತೆ ಇನ್ನೊಂದಿಲ್ಲ. ಈಗ ಬಹಳ ಜನ ಮೊಬೈಲಿನಲ್ಲೇ ಟಿಕೆಟ್ ತೆಗೆದು ನೇರ ಪ್ಲಾಟ್‌ಫಾರ್ಮಿಗೆ ನಡೆಯುತ್ತಾರೆ, ಈ ಹಾಲನ್ನು ನೋಡದೆಯೇ ಹೋಗುತ್ತಾರೆ. ನಮಗೆ ಅದು ಬೇಸರದ ವಿಷಯ.

ಯಾವ ಕಲ್ಲು ಬಳಸಿದ್ದಾರೆ? ಇಷ್ಟು ಹಳೆಯ ಕಟ್ಟಡದಲ್ಲಿ ಏನೇನು ಕೆಡುತ್ತದೆ?

ಗೋಡೆಯ ಮೈಗೆ ಮುಂಬೈ ಸುತ್ತಲಿನ ಕಣಿಗಳ ಹಳದಿ ಛಾಯೆಯ ಕಲ್ಲು. ಕೆತ್ತನೆ ಇರುವಲ್ಲಿ ಮೆದುವಾದ ಸುಣ್ಣಕಲ್ಲು, ಬಹುಪಾಲು ಗುಜರಾತಿನ ಪೋರಬಂದರಿನದು. ಮುಖ್ಯ ಅಲಂಕಾರಗಳಿಗೆ ಇಟಲಿಯ ಅಮೃತಶಿಲೆ, ಬಾಗಿಲು–ಕಿಟಕಿಗೆ ತೇಗ. ಕೆತ್ತುವುದಕ್ಕೆ ಸುಲಭವಾದ ಕಲ್ಲು ಸವೆಯುವುದಕ್ಕೂ ಸುಲಭ. ಹಾಗಾಗಿ ಮೊದಲು ಕಳೆದುಹೋಗುವುದು ಎಲೆಬಳ್ಳಿ, ಹಕ್ಕಿಯ ಕೊಕ್ಕು, ಪ್ರಾಣಿಯ ಕಿವಿ.

ಸಮುದ್ರದ ಪಕ್ಕ, ಇಡೀ ದಿನ ವಾಹನಗಳ ಹೊಗೆ, ನಾಲ್ಕು ತಿಂಗಳು ಮಳೆ. ಇಂಥ ಜಾಗದ ಕಲ್ಲಿನ ಕಟ್ಟಡಗಳಿಗೆ ಬರುವ ಕಾಯಿಲೆಗಳು ಹೆಚ್ಚುಕಡಿಮೆ ಒಂದೇ. ಎಲ್ಲಕ್ಕಿಂತ ಕೆಟ್ಟದ್ದು ಸಿಮೆಂಟಿನ ತೇಪೆ. ಹಳೆಯ ಗೋಡೆ ಸುಣ್ಣದ ಗಾರೆಯದು. ಅದು ಕಲ್ಲಿಗಿಂತ ಮೆದು. ಒಳಹೊಕ್ಕ ತೇವ ಸಂದಿನ ಮೂಲಕವೇ ಹೊರಗೆ ಆರುತ್ತದೆ. ಆ ಸಂದನ್ನು ಸಿಮೆಂಟಿನಿಂದ ಮುಚ್ಚಿದರೆ ತೇವಕ್ಕೆ ಉಳಿಯುವ ದಾರಿ ಕಲ್ಲು ಒಂದೇ. ನೀರು ಕಲ್ಲಿನ ಮೂಲಕ ಆರುವಾಗ ಅದರಲ್ಲಿದ್ದ ಉಪ್ಪು ಮೈಯ ಹಿಂದೆಯೇ ಹರಳುಗಟ್ಟಿ ಉಬ್ಬುತ್ತದೆ, ಕಲ್ಲಿನ ಮುಖ ಹಪ್ಪಳದ ಹಾಗೆ ಏಳುತ್ತದೆ. ಸಂದು ಗಟ್ಟಿಯಾಗಿ ನಿಂತು ಕಲ್ಲು ಗುಳಿ ಬಿದ್ದಿದ್ದರೆ ಅಲ್ಲಿ ಸಿಮೆಂಟ್ ಬಿದ್ದಿದೆ ಎಂದೇ ತಿಳಿಯಿರಿ. ಸರಿಯಾದ ದಾರಿ: ಸಿಮೆಂಟನ್ನು ಉಳಿಯಿಂದ, ಕಲ್ಲಿನ ಅಂಚು ಒಡೆಯದಂತೆ ಬಿಡಿಸಿ ಸುಣ್ಣದ ಗಾರೆ ತುಂಬುವುದು. ಮಳೆಗಾಲದಲ್ಲಿ ಈ ಕೆಲಸ ಹಿಡಿಯಬಾರದು, ಗಾರೆ ಆರಲು ಪುರಸೊತ್ತು ಬೇಕು.

ಎರಡನೆಯದು ಕಬ್ಬಿಣ. ಕಲ್ಲುಗಳನ್ನು ಹಿಡಿದಿಡಲು ಹಾಕಿದ ಕಬ್ಬಿಣದ ಕೊಂಡಿ ತುಕ್ಕು ಹಿಡಿದರೆ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ, ಕಲ್ಲನ್ನು ಒಳಗಿನಿಂದಲೇ ಸೀಳುತ್ತದೆ. ಬದಲಿಸುವಾಗ ತುಕ್ಕು ಹಿಡಿಯದ ಉಕ್ಕು ಹಾಕಬೇಕು. ಇನ್ನು ಅರಳಿ, ಆಲದ ಸಸಿ. ಹಕ್ಕಿಗಳು ತಂದ ಬೀಜ ಸಂದಿನಲ್ಲಿ ಮೊಳೆಯುತ್ತದೆ. ಮೇಲಿನಿಂದ ಕತ್ತರಿಸಿದರೆ ಎರಡರಷ್ಟು ಚಿಗುರುತ್ತದೆ. ಬೇರು ಸಾಯಿಸಿ, ಬೇರಿನ ಜಾಗವನ್ನು ಗಾರೆಯಿಂದ ತುಂಬಿಸದಿದ್ದರೆ ಕೆಲಸ ಮುಗಿದಂತಲ್ಲ. ಮರಳು ಸಿಡಿಸಿ ಗೋಡೆ ತೊಳೆಯುವುದಂತೂ ಬೇಡವೇ ಬೇಡ: ಕೊಳೆಯ ಜೊತೆ ಕಲ್ಲಿನ ಗಟ್ಟಿ ಹೊರಮೈಯೂ ಹೋಗಿ, ಮುಂದಿನ ಮಳೆಗೆ ಎರಡರಷ್ಟು ನೀರು ಕುಡಿಯುತ್ತದೆ.

ಮೆಲ್ಬರ್ನ್ ನಿಲ್ದಾಣದ ನಕ್ಷೆ ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ಅಂಚೆಯಲ್ಲಿ ಅದಲುಬದಲಾಯಿತಂತೆ, ನಿಜವೇ?

ಸುಳ್ಳು. ವಿ.ಟಿ. ಕಟ್ಟಡ ಮುಗಿದದ್ದು 1888ರಲ್ಲಿ. ಮೆಲ್ಬರ್ನಿನ ಫ್ಲಿಂಡರ್ಸ್ ಸ್ಟ್ರೀಟ್ ನಿಲ್ದಾಣದ ನಕ್ಷೆಯನ್ನು ಅಲ್ಲಿನ ರೈಲ್ವೆಯ ಇಬ್ಬರು ನೌಕರರು ಸಿದ್ಧಪಡಿಸಿದ್ದು 1899ರ ಸ್ಪರ್ಧೆಗೆ. ಅದು ಮುಗಿದದ್ದು 1910ರಲ್ಲಿ. ಹನ್ನೊಂದು ವರ್ಷದ ಅಂತರದಲ್ಲಿ ಅಂಚೆಯಲ್ಲಿ ಅದಲುಬದಲಾಗಲು ಸಾಧ್ಯವಿಲ್ಲ.

ಈಗ ಎಷ್ಟು ಪ್ಲಾಟ್‌ಫಾರ್ಮ್ ಇವೆ? ಯಾವುದು ಯಾವುದಕ್ಕೆ?

ಒಟ್ಟು 18. 1ರಿಂದ 7 ಲೋಕಲ್‌ಗೆ, 8ರಿಂದ 18 ದೂರದ ರೈಲುಗಳಿಗೆ. ಲೋಕಲ್‌ನಲ್ಲೂ 1 ಮತ್ತು 2 ಹಾರ್ಬರ್ ಲೈನಿನದು (ವಾಶಿ, ಪನ್ವೇಲ್ ಕಡೆಗೆ), ಉಳಿದವು ಮೇನ್ ಲೈನಿನದು (ದಾದರ್, ಠಾಣೆ, ಕಲ್ಯಾಣ್ ಕಡೆಗೆ). ಪನ್ವೇಲಿಗೆ ಹೋಗಬೇಕಾದವರು ಕಲ್ಯಾಣ್ ಫಾಸ್ಟ್ ಹತ್ತಿದರೆ ಕುರ್ಲಾದಲ್ಲಿ ಇಳಿದು ಮೇಲ್ಸೇತುವೆ ಹತ್ತಿಳಿಯಬೇಕಾಗುತ್ತದೆ.

ಇದು ಹಳಿ ಕೊನೆಯಾಗುವ ನಿಲ್ದಾಣ. ಲೋಕಲ್ ರೈಲಿಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವುದರಿಂದ ಬಂದ ದಿಕ್ಕಿಗೇ ಕೂಡಲೇ ಹೊರಡಬಹುದು. ಎಂಜಿನ್ ಎಳೆದುತಂದ ದೂರದ ರೈಲು ಹಾಗಲ್ಲ. ತಂದ ಎಂಜಿನ್ ತುದಿಗೆ ಸಿಕ್ಕಿಕೊಳ್ಳುತ್ತದೆ, ಬೋಗಿಗಳನ್ನು ತೆಗೆದ ಮೇಲೆಯೇ ಅದು ಹೊರಬರುವುದು. ದೂರದ ರೈಲೊಂದು ಪ್ಲಾಟ್‌ಫಾರ್ಮನ್ನು ಹೆಚ್ಚು ಹೊತ್ತು ಹಿಡಿದಿಡುವುದು ಅದಕ್ಕೇ.

ಮೊದಲ ವಿದ್ಯುತ್ ರೈಲು ಓಡಿದ್ದೂ ಇಲ್ಲಿಂದಲೇ?

ಹೌದು. 1925ರ ಫೆಬ್ರವರಿ 3ರಂದು, ಹಾರ್ಬರ್ ಮಾರ್ಗವಾಗಿ ಕುರ್ಲಾದವರೆಗೆ, 1,500 ವೋಲ್ಟ್ ಡಿ.ಸಿ.ಯಲ್ಲಿ. ವೋಲ್ಟೇಜ್ ಕಡಿಮೆ ಇದ್ದರೆ ಅದೇ ಶಕ್ತಿಗೆ ಹೆಚ್ಚು ಕರೆಂಟ್ ಹರಿಯಬೇಕು; ದಪ್ಪ ತಂತಿ, ಹತ್ತಿರ ಹತ್ತಿರ ಸಬ್‌ಸ್ಟೇಷನ್ ಬೇಕು. ಆಮೇಲೆ ಇಡೀ ಜಾಲ 25,000 ವೋಲ್ಟ್ ಎ.ಸಿ.ಗೆ ಬದಲಾಯಿತು. ಮುಂಬೈಯಲ್ಲಿ ಕೊನೆಗೆ ಬದಲಾದದ್ದೂ ಹಾರ್ಬರ್ ಲೈನೇ, 2016ರಲ್ಲಿ. ಜಿ.ಐ.ಪಿ. ಕಂಪನಿಯನ್ನು ಸರ್ಕಾರ ವಹಿಸಿಕೊಂಡದ್ದು 1925ರಲ್ಲಿ; 1951ರ ನವೆಂಬರ್ 5ರಂದು ಸೆಂಟ್ರಲ್ ರೈಲ್ವೆ ಹುಟ್ಟಿದಾಗಿನಿಂದ ಈ ಕಟ್ಟಡವೇ ಅದರ ಕೇಂದ್ರ ಕಚೇರಿ.

2008ರ ದಾಳಿ ನಡೆದದ್ದು ಈ ಗುಮ್ಮಟದ ಕಟ್ಟಡದಲ್ಲೇ?

ಅಲ್ಲ, ಪಕ್ಕದ ದೂರದ ರೈಲುಗಳ ಪ್ರಯಾಣಿಕರ ಹಾಲ್‌ನಲ್ಲಿ. 2008ರ ನವೆಂಬರ್ 26ರ ರಾತ್ರಿ ಇಲ್ಲಿ 58 ಜನ ಪ್ರಾಣ ಕಳೆದುಕೊಂಡರು. ಹೆಚ್ಚಿನವರು ಊರಿಗೆ ಹೋಗುವ ರೈಲಿಗೆ ಕಾದು ಕೂತ ಸಾಮಾನ್ಯರು. ಪ್ರಕಟಣೆ ಕೊಠಡಿಯಲ್ಲಿದ್ದ ನೌಕರರೊಬ್ಬರು ಮೈಕಿನಲ್ಲಿ ಎಚ್ಚರಿಸುತ್ತ ಹೋದದ್ದರಿಂದ ಅನೇಕರು ಬೇರೆ ದಾರಿಯಲ್ಲಿ ಹೊರಬಂದು ಉಳಿದರು.

ಯುನೆಸ್ಕೊ ಪಟ್ಟಿಗೆ ಸೇರಿದ್ದು ಯಾವಾಗ? ಈಗ ಬದಲಾವಣೆ ಮಾಡಬಹುದೇ?

2004ರ ಜುಲೈನಲ್ಲಿ. ಪಟ್ಟಿಗೆ ಸೇರಿದ ಜಾಗ 2.85 ಹೆಕ್ಟೇರ್, ಅದರ ಸುತ್ತಲಿನ ಕಾಪು ವಲಯ 90.21 ಹೆಕ್ಟೇರ್. ಮುಂಬೈಯ ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳ ಗುಂಪು 2018ರಲ್ಲಿ ಸೇರಿತು. ಅದು ಬೇರೆಯೇ ನಮೂದು. ನಿಲ್ದಾಣದ ಪುನರಭಿವೃದ್ಧಿಗೆ ಕೇಂದ್ರ ಸಂಪುಟ 2022ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ, ಹೊಸ ದೆಹಲಿ ಮತ್ತು ಅಹಮದಾಬಾದ್ ನಿಲ್ದಾಣಗಳ ಜೊತೆಗೆ. ಪ್ರಯಾಣಿಕರಿಗೆ ಜಾಗ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುಮ್ಮಟದ ಹಿಂದಿನ ಆಕಾಶ ಖಾಲಿಯಾಗಿ ಉಳಿಯಬೇಕು. ಅಲ್ಲಿ ಎತ್ತರದ ಗಾಜಿನ ಕಟ್ಟಡ ಎದ್ದರೆ ಸ್ಟೀವನ್ಸ್ ಎಳೆದ ಹೊರಗೆರೆ ಕಾಣೆಯಾಗುತ್ತದೆ.

ಕರ್ನಾಟಕಕ್ಕೂ ಈ ನಿಲ್ದಾಣಕ್ಕೂ ಏನು ನಂಟು?

ಹಳಿಯ ನಂಟು. ಇಲ್ಲಿಂದ ಹೊರಟ ಜಿ.ಐ.ಪಿ. ಮಾರ್ಗ 1863ರಲ್ಲಿ ಭೋರ್ ಘಾಟ್ ಹತ್ತಿ, ಪುಣೆ, ಸೊಲ್ಲಾಪುರ, ಕಲಬುರಗಿ, ವಾಡಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿತು. ಅಲ್ಲಿ ಮದ್ರಾಸ್ ರೈಲ್ವೆಯ ಹಳಿ ಕೂಡಿಕೊಂಡು ಮುಂಬೈ–ಮದ್ರಾಸ್ ಒಂದಾದವು. ಉದ್ಯಾನ್ ಎಕ್ಸ್‌ಪ್ರೆಸ್ ಇವತ್ತಿಗೂ ಬೆಂಗಳೂರಿಗೆ ಬರುವುದು ಈ ಹಳೆಯ ದಾರಿಯಲ್ಲೇ. ಕರ್ಜತ್‌ನಲ್ಲಿ ರೈಲು ನಿಂತು ಹಿಂದಿನಿಂದ ಒಮ್ಮೆ ಮೆಲ್ಲಗೆ ತಳ್ಳಿದಂತಾದರೆ ಗಾಬರಿ ಬೇಡ. 37 ಅಡಿಗೆ ಒಂದು ಅಡಿ ಏರುವ ಘಾಟ್ ಹತ್ತಲು ತಳ್ಳುವ ಎಂಜಿನ್ ಜೋಡಿಸುತ್ತಾರೆ. ಗದಗ ಕಡೆಯ ರೈಲು ಸೊಲ್ಲಾಪುರದಿಂದ ವಿಜಯಪುರದ ಮೇಲೆ ಬರುತ್ತದೆ, ಮಂಗಳೂರಿನದು ಕೊಂಕಣ ರೈಲ್ವೆಯಲ್ಲಿ. ಪ್ಲಾಟ್‌ಫಾರ್ಮ್ ಕಾಮಗಾರಿ ಇದ್ದಾಗ ಕೆಲವು ರೈಲುಗಳನ್ನು ದಾದರ್ ಅಥವಾ ಠಾಣೆಯಲ್ಲೇ ನಿಲ್ಲಿಸುವುದುಂಟು, ಹೊರಡುವ ಮೊದಲು ನೋಡಿಕೊಳ್ಳಿ.

ಕಟ್ಟಡ ನೋಡಲು ಯಾವಾಗ, ಹೇಗೆ ಹೋಗಬೇಕು?

ಮುಂಭಾಗ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಗ್ಗೆ ಹೋದರೆ ಸೂರ್ಯ ಗುಮ್ಮಟದ ಹಿಂದಿರುತ್ತಾನೆ, ಫೋಟೊ ಕಪ್ಪಾಗುತ್ತದೆ. ಮಧ್ಯಾಹ್ನ ಮೂರರ ಮೇಲೆ ಹಳದಿ ಕಲ್ಲು ಬೆಳಗುತ್ತದೆ. ಪೂರ್ತಿ ಕಟ್ಟಡ ಕಾಣುವುದು ಎದುರಿನ ಪಾಲಿಕೆ ಕಟ್ಟಡದ ಬಳಿಯಿಂದ. ರಸ್ತೆ ದಾಟಲು ಸಬ್‌ವೇ ಬಳಸಿ, ವಾಹನಗಳ ನಡುವೆ ನುಗ್ಗಬೇಡಿ. ದುರ್ಬೀನು ಇದ್ದರೆ ತನ್ನಿ, ಕೆತ್ತನೆಯ ಬಹುಪಾಲು ಎರಡನೇ ಮಹಡಿಯ ಮೇಲಿದೆ.

ಒಳಗಿನ ದೊಡ್ಡ ಮೆಟ್ಟಿಲು ಮತ್ತು ಗುಮ್ಮಟ ನೋಡಲು ರೈಲ್ವೆಯ ಪರಂಪರೆ ವಸ್ತುಸಂಗ್ರಹಾಲಯದ ಟಿಕೆಟ್ ಬೇಕು. ಅದು ತೆರೆಯುವುದು ಕೆಲಸದ ದಿನಗಳ ಮಧ್ಯಾಹ್ನ. ಸಮಯ, ಶುಲ್ಕ ಆಗಾಗ ಬದಲಾಗುವುದರಿಂದ ಅದೇ ದಿನ ವಿಚಾರಿಸಿ, ಗುರುತಿನ ಚೀಟಿ ಇಟ್ಟುಕೊಳ್ಳಿ. ಮೇಲಿನ ಮಹಡಿಗಳು ನಡೆಯುತ್ತಿರುವ ಕಚೇರಿ, ಅಲ್ಲಿಗೆ ಬಿಡುವುದಿಲ್ಲ. ಪ್ಲಾಟ್‌ಫಾರ್ಮಿಗೆ ಹೋಗಲು ಪ್ಲಾಟ್‌ಫಾರ್ಮ್ ಟಿಕೆಟ್ಟಾದರೂ ಕೈಯಲ್ಲಿರಲಿ. ಟ್ರೈಪಾಡ್ ನಿಲ್ಲಿಸಿ ಚಿತ್ರ ತೆಗೆಯಲು ಮೊದಲೇ ಅನುಮತಿ ಪಡೆಯಬೇಕು.

ಬೆಳಗ್ಗೆ ಎಂಟೂವರೆಯಿಂದ ಹತ್ತೂವರೆ, ಸಂಜೆ ಐದೂವರೆಯಿಂದ ಎಂಟು – ಈ ಹೊತ್ತಿನಲ್ಲಿ ಪ್ಲಾಟ್‌ಫಾರ್ಮ್‌ಗಳ ಮುಂದಿನ ದೊಡ್ಡ ಹಾಲ್‌ನಲ್ಲಿ (ಕಾನ್‌ಕೋರ್ಸ್) ನಿಂತು ಚಾವಣಿ ನೋಡಿದರೆ ಹಿಂದಿನಿಂದ ಬರುವವರಿಗೆ ತೊಂದರೆ. ಭಾನುವಾರ ಜನ ಕಡಿಮೆ, ಆದರೆ ಹಳಿ ದುರಸ್ತಿಯ ಮೆಗಾ ಬ್ಲಾಕ್ ಇರುತ್ತದೆ, ಲೋಕಲ್‌ಗಳು ತಡ. ಕೆಲಸದ ದಿನ ಎರಡು ಗಂಟೆಗೆ ತಲುಪಿ: ಮೊದಲು ಸ್ಟಾರ್ ಚೇಂಬರ್, ಆಮೇಲೆ ವಸ್ತುಸಂಗ್ರಹಾಲಯ, ಬಿಸಿಲು ಓರೆಯಾದ ಮೇಲೆ ಹೊರಗಿನ ಸಿಂಹ, ಹುಲಿ ಮತ್ತು ಆ ಖಾಲಿ ಗೂಡು.